ಚಿಕ್ಕಪ್ಪ ಕಾಣದ ಕೆಂಪು

ಅತ್ತೆಯ ಮೊಮ್ಮಗ ಮೂರನೇ ಕ್ಲಾಸಿನಲ್ಲಿದ್ದಾನೆ. ಸ್ಕೂಲಿನಲ್ಲಿ 'ನಮ್ಮ ತೋಟ' ಅಂತ ಚಿತ್ರ ಬರೆಯಲು ಹೇಳಿದ್ದರಂತೆ. ಹುಡುಗನ ಕೈ ಚೆನ್ನಾಗಿದೆ. ಸಿಲ್ವರ್ ಮರ ನೆಟ್ಟಗೆ ನಿಂತಿತ್ತು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು, ಕೆಳಗೆ ಕಾಫಿ ಗಿಡ, ಗೆಣ್ಣುಗೆಣ್ಣಿಗೂ ಹಣ್ಣಿನ ಗೊಂಚಲು. ಎಲೆಗೆ ಮಾತ್ರ ಕಂದು ಹಚ್ಚಿದ್ದ. ಹಣ್ಣಿಗೂ ಹೆಚ್ಚುಕಡಿಮೆ ಅದೇ ಕಂದು. ಹಾಳೆಯ ಮೂಲೆಯಲ್ಲಿ ಟೀಚರು 'ಬಣ್ಣ ಗಮನವಿಟ್ಟು ಹಚ್ಚಬೇಕು' ಎಂದು ಬರೆದು ಸಹಿ ಹಾಕಿದ್ದರು. ಅವನಮ್ಮ ಅದರ ಫೋಟೊ ತೆಗೆದು ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದಳು. 'ಈ ಸಲ ಮಳೆ ಕೈಕೊಡ್ತು ಅಂತ ಕಾಣುತ್ತೆ, ತೋಟ ಎಲ್ಲಾ ಒಣಗಿದೆ' ಅಂತ ಯಾರೋ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಚಿತ್ರ ನೋಡಿದ ಕೂಡಲೇ ಚಿಕ್ಕಪ್ಪ ನೆನಪಾದರು. ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಅಣುವೊಂದು ಬೆಳಕನ್ನು ಹೇಗೆ ಹೀರಿಕೊಳ್ಳುತ್ತದೆ, ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದು ನನ್ನ ದಿನನಿತ್ಯದ ಪಾಠ. ಆ ಪಾಠವನ್ನು ನಮ್ಮ ಮನೆಯ ಈ ಇಬ್ಬರ ಬಣ್ಣಗುರುಡು ಕಣ್ಣಿನವರೆಗೆ ತಂದು ಯೋಚಿಸಬೇಕು ಅಂತ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಲೇ ಇದೆ.

ನಮ್ಮ ತೋಟ ಮೂಡಿಗೆರೆ ಕಡೆ. ಅರೇಬಿಕಾ, ಹೆಚ್ಚಿನದು ಎಸ್. 795 ತಳಿ. ನಾನು ಪ್ರೈಮರಿಯಲ್ಲಿದ್ದಾಗ ಕುಯ್ಲಿನ ಕಾಲದಲ್ಲಿ ಆಳುಗಳ ಜೊತೆ ಮನೆಯವರೂ ತೋಟಕ್ಕಿಳಿಯುತ್ತಿದ್ದರು. ಸಂಜೆ ಅಳತೆ ಹೊತ್ತಿಗೆ ಎಲ್ಲರೂ ಚೀಲ ಹೊತ್ತು ಕಣಕ್ಕೆ ಬರಬೇಕು. ಟಾರ್ಪಾಲಿನ ಮೇಲೆ ಸುರಿದು, ಹಸಿಕಾಯಿ, ಎಲೆ, ಕಡ್ಡಿ ಎಲ್ಲಾ ಆರಿಸಿ ತೆಗೆದ ಮೇಲೆ ಅಳತೆ. ಅಜ್ಜ ಒಂದೊಂದು ರಾಶಿಯ ಮುಂದೆಯೂ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿ ನೋಡುತ್ತಿದ್ದರು. ಚಿಕ್ಕಪ್ಪನ ರಾಶಿಯ ಮುಂದೆ ಕೂತಾಗ ಮಾತ್ರ ಅವರ ದನಿ ಏರುತ್ತಿತ್ತು. "ಏನ್ಲಾ ಇದು, ಬೊಗಸೆಗೆ ಅರ್ಧ ಹಸಿಕಾಯಿ! ಅಷ್ಟುದ್ದದ ಮಕ್ಕಳು ಕುಯ್ಕಂಡು ಬಂದವೆ, ಒಂದು ಹಸಿಕಾಯಿ ಇಲ್ಲ. ನಿನ್ನ ಕಣ್ಣು ಎಲ್ಲಿತ್ತು?" ಅನ್ನುತ್ತಾ ಹಸಿಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಎತ್ತುತ್ತಿದ್ದರು. ಇಪ್ಪತ್ತರ ಆಸುಪಾಸಿನ ಚಿಕ್ಕಪ್ಪ ತಲೆ ತಗ್ಗಿಸಿ ರಾಶಿಯೊಳಗೆ ಕೈಯಾಡಿಸುತ್ತಿದ್ದರು. ಯಾವುದನ್ನು ತೆಗೆಯಬೇಕು ಅಂತ ಅವರಿಗೆ ಆಗಲೂ ಗೊತ್ತಾಗುತ್ತಿರಲಿಲ್ಲ ಅನ್ನುವುದು ಈಗ ನನಗೆ ಅರ್ಥವಾಗುತ್ತದೆ. ಅಜ್ಜನ ಸಿಟ್ಟಿಗೂ ಕಾರಣವಿತ್ತು. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಸಿಕಾಯಿ ಹೋದರೆ ಸಿಪ್ಪೆ ಬಿಡುವುದಿಲ್ಲ, ಬೀಜ ಕಚ್ಚಿ ಒಡೆಯುತ್ತದೆ, ಕಾಫಿಯ ರುಚಿ ಕೆಡುತ್ತದೆ, ರೇಟು ಬೀಳುತ್ತದೆ. ಸೋಮಾರಿತನ ಎಂದೇ ಅವರು ನಂಬಿದ್ದರು. ಊರೂ ನಂಬಿತ್ತು.

ಹಣ್ಣು ಕೆಂಪಾಗುವುದೆಂದರೆ

ಕಾಫಿ ಹಣ್ಣಿನ ಸಿಪ್ಪೆಯಲ್ಲಿ ಕೆಂಪು ಬೆಳಕು ಅಂತ ಏನೂ ಇಲ್ಲ. ಅಲ್ಲಿರುವುದು ಕೆಲವು ಅಣುಗಳು. ಅವುಗಳ ಕೆಲಸ ಬೆಳಕಿನಲ್ಲಿ ಒಂದು ಪಾಲನ್ನು ಹೀರಿಕೊಳ್ಳುವುದು. ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಹಸಿಕಾಯಿಯಲ್ಲಿ ಕ್ಲೋರೊಫಿಲ್ ತುಂಬಿರುತ್ತದೆ. ಅದು 430 ನ್ಯಾನೊಮೀಟರ್ (ಬೆಳಕಿನ ಅಲೆಯುದ್ದದ ಅಳತೆ ಇದು) ಹತ್ತಿರದ ನೀಲಿಯನ್ನೂ 660ರ ಹತ್ತಿರದ ಕೆಂಪನ್ನೂ ಹೀರಿ, ನಡುವಿನ ಹಸಿರನ್ನು ಬಿಟ್ಟುಕೊಡುತ್ತದೆ. ಕಾಯಿ ಹಣ್ಣಾಗುವಾಗ ಕ್ಲೋರೊಫಿಲ್ ಒಡೆದು ಹೋಗಿ, ಆಂಥೊಸಯನಿನ್ ಅನ್ನುವ ಅಣುಗಳು ಸಿಪ್ಪೆಯಲ್ಲಿ ಕೂಡಿಕೊಳ್ಳುತ್ತವೆ. ನೇರಳೆ ಹಣ್ಣಿಗೆ, ದಾಸವಾಳಕ್ಕೆ ಬಣ್ಣ ಕೊಡುವ ಕುಟುಂಬವೇ ಇದು. ಇವು ಹೀರುವುದು ಹೆಚ್ಚಾಗಿ 520ರ ಸುತ್ತಿನ ಹಸಿರನ್ನು. ಮೊನ್ನೆಯವರೆಗೆ ಹಸಿರನ್ನು ಬಿಟ್ಟುಕೊಡುತ್ತಿದ್ದ ಸಿಪ್ಪೆ ಈಗ ಅದೇ ಹಸಿರನ್ನು ಹೀರಿ, ಕೆಂಪನ್ನು ಬಿಡಲು ಶುರುಮಾಡುತ್ತದೆ. ಹಣ್ಣಾಯಿತು ಅನ್ನುತ್ತೇವೆ.

ಎಲ್ಲಾ ಅಣುಗಳೂ ಹೀಗೆ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ. ನೀರು, ಸಕ್ಕರೆ, ಉಪ್ಪು ಇವೆಲ್ಲ ಬಣ್ಣವಿಲ್ಲದವು. ಅವುಗಳ ಎಲೆಕ್ಟ್ರಾನುಗಳು ಬಿಗಿಯಾಗಿ ಕೂತಿರುತ್ತವೆ, ಮೇಲಿನ ಮಟ್ಟಕ್ಕೆ ಏರಿಸಬೇಕಾದರೆ ಅತಿನೇರಳೆ ಬೆಳಕಿನ ಶಕ್ತಿಯೇ ಬೇಕು. ಇಂಗಾಲದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಜೋಡಿಬಂಧ ಬಂದರೆ ಪರಿಸ್ಥಿತಿ ಬದಲಾಗುತ್ತದೆ. ಎಲೆಕ್ಟ್ರಾನುಗಳು ಒಂದೇ ಬಂಧಕ್ಕೆ ಅಂಟಿಕೊಳ್ಳದೆ ಸರಪಳಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಸರಪಳಿ ಉದ್ದವಾದಷ್ಟೂ ಮಟ್ಟಗಳ ನಡುವಿನ ಅಂತರ ಕುಗ್ಗುತ್ತದೆ, ಹೀರುವ ಬೆಳಕು ಅತಿನೇರಳೆಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ಜರುಗುತ್ತಾ ಬರುತ್ತದೆ. ಕ್ಯಾರೆಟ್ಟು, ಪರಂಗಿ ಹಣ್ಣಿನಲ್ಲಿರುವ ಬೀಟಾ ಕ್ಯಾರೊಟಿನ್‌ನಲ್ಲಿ ಇಂಥ ಜೋಡಿಬಂಧಗಳು 11. ಅದು 450ರ ಸುತ್ತಿನ ನೀಲಿಯನ್ನು ಹೀರುತ್ತದೆ, ನಮಗೆ ಕಿತ್ತಳೆ ಕಾಣುತ್ತದೆ.

ಪಾಠದ ಈ ಜಾಗಕ್ಕೆ ಬಂದಾಗಲೆಲ್ಲ ನನಗೇ ಮೈ ಜುಮ್ಮೆನ್ನುತ್ತದೆ. ಆ ಬೀಟಾ ಕ್ಯಾರೊಟಿನ್ ಹೊಟ್ಟೆಗೆ ಹೋದ ಮೇಲೆ ಕರುಳಿನ ಕಿಣ್ವವೊಂದು ಅದನ್ನು ಸರಿಯಾಗಿ ನಡುವಿಗೆ ಸೀಳುತ್ತದೆ. ಸಿಗುವ ಎರಡು ಅರ್ಧಗಳ ಹೆಸರು ರೆಟಿನಲ್. ನಾವು ನೋಡುವುದು ಇದರಿಂದಲೇ. ಪರಂಗಿ ಹಣ್ಣಿನ ಬಣ್ಣವನ್ನು ಅರ್ಧ ಮಾಡಿಕೊಂಡು, ಅದರಿಂದ ಪರಂಗಿ ಹಣ್ಣಿನ ಬಣ್ಣ ನೋಡುತ್ತೇವೆ.

ಒಂದೇ ಒಂದು ತಿರುವು

1876ರಲ್ಲಿ ಫ್ರಾಂಝ್ ಬೋಲ್ ಎಂಬ ಜರ್ಮನ್ ವಿಜ್ಞಾನಿ ಕತ್ತಲಲ್ಲಿಟ್ಟ ಕಪ್ಪೆಯ ಅಕ್ಷಿಪಟಲ (ಕಣ್ಣಿನ ಒಳಗೋಡೆಯಲ್ಲಿ ಬೆಳಕು ಹಿಡಿಯುವ ಪದರ) ಬಿಡಿಸಿ ನೋಡಿದಾಗ ಅದು ಕೆಂಪಾಗಿತ್ತು, ಬೆಳಕಿನಲ್ಲಿ ಕಣ್ಣೆದುರೇ ಬಿಳಚಿಕೊಂಡಿತು. ಆ ಬಣ್ಣದ ವಸ್ತುವೇ ರೊಡಾಪ್ಸಿನ್. ಅದರೊಳಗೆ ವಿಟಮಿನ್ ಎ ಸಂಬಂಧಿ ಅಣುವಿದೆ ಎಂದು ತೋರಿಸಲು ಇನ್ನೂ ಐವತ್ತೇಳು ವರ್ಷ ಬೇಕಾಯಿತು. 1933ರಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ವಾಲ್ಡ್ ಅಕ್ಷಿಪಟಲದಲ್ಲಿ ವಿಟಮಿನ್ ಎ ಕಂಡುಹಿಡಿದರು. ಮುಂದೆ ಜೀವಮಾನವಿಡೀ ಅದರ ಬೆನ್ನು ಹತ್ತಿ, 1967ರ ನೊಬೆಲ್ ಪ್ರಶಸ್ತಿಯನ್ನು ಗ್ರಾನಿಟ್ ಮತ್ತು ಹಾರ್ಟ್‌ಲೈನ್ ಜೊತೆ ಹಂಚಿಕೊಂಡರು.

ವಾಲ್ಡ್ ಕೊನೆಗೆ ತಲುಪಿದ ತೀರ್ಮಾನ ಬಹಳ ಸರಳ. ದೃಷ್ಟಿಯಲ್ಲಿ ಬೆಳಕು ಮಾಡುವ ಕೆಲಸ ಒಂದೇ. ಆಪ್ಸಿನ್ ಎಂಬ ಪ್ರೊಟೀನಿನ ಹೊಟ್ಟೆಯೊಳಗೆ ರೆಟಿನಲ್ ಬಾಗಿಕೊಂಡು ಕೂತಿರುತ್ತದೆ. ಹನ್ನೊಂದನೇ ಇಂಗಾಲದ ಜೋಡಿಬಂಧದ ಹತ್ತಿರ ಅದು ಒಂದು ಪಕ್ಕಕ್ಕೆ ಮಡಚಿದೆ. ಜೋಡಿಬಂಧವಾದ್ದರಿಂದ ಸುಮ್ಮನಿರುವಾಗ ಅದು ತಿರುಗಲಾರದು. ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬಂದು ಸೇರಿದಾಗ ಎಲೆಕ್ಟ್ರಾನ್ ಮೇಲೇರಿ, ಆ ಬಂಧ ಕ್ಷಣಮಾತ್ರ ಸಡಿಲವಾಗುತ್ತದೆ. ಅಷ್ಟರಲ್ಲೇ ಮಡಿಕೆ ಬಿಚ್ಚಿ ಅಣು ನೆಟ್ಟಗಾಗುತ್ತದೆ. ಇದಕ್ಕೆ ಹಿಡಿಯುವ ಕಾಲ ಸುಮಾರು 200 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಐದು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಹೀರಿಕೊಂಡ ಮೂರು ಫೋಟಾನುಗಳಲ್ಲಿ ಸುಮಾರು ಎರಡು ಈ ತಿರುವನ್ನು ತಂದೇ ತರುತ್ತವೆ. ಬೆಳಕಿಲ್ಲದೆ, ಬರೀ ಮೈಬಿಸಿಗೆ ಈ ಅಣು ತಾನಾಗಿ ತಿರುಗಬೇಕಾದರೆ ಸರಾಸರಿ ನೂರಾರು ವರ್ಷ ಬೇಕು. ಕತ್ತಲಲ್ಲಿ ಅಷ್ಟು ಗಟ್ಟಿಯಾಗಿ ಕೂರುವುದು, ಬೆಳಕು ಬಂದಾಗ ಅಷ್ಟು ಬೇಗ ತಿರುಗುವುದು, ಎರಡೂ ಗುಣ ಒಂದೇ ಅಣುವಿನಲ್ಲಿವೆ. ನಾನು ಕಲಿಸುವ ಕೆಮಿಸ್ಟ್ರಿಯಲ್ಲಿ ಇದಕ್ಕಿಂತ ಚಂದದ ಪ್ರತಿಕ್ರಿಯೆ ನನಗೆ ಗೊತ್ತಿಲ್ಲ.

ಒಳಗಿನ ಅಣು ನೆಟ್ಟಗಾದಾಗ ಹೊರಗಿನ ಪ್ರೊಟೀನು ತನ್ನ ಆಕಾರ ಬದಲಿಸಲೇಬೇಕಾಗುತ್ತದೆ. ಹಾಗೆ ಬದಲಾದ ಒಂದು ರೊಡಾಪ್ಸಿನ್ (ಆಪ್ಸಿನ್, ರೆಟಿನಲ್ ಎರಡೂ ಸೇರಿದ್ದೇ ಇದು) ಪಕ್ಕದ ಟ್ರಾನ್ಸ್‌ಡ್ಯೂಸಿನ್ ಅಣುಗಳನ್ನು ಒಂದಾದ ಮೇಲೊಂದು ಎಬ್ಬಿಸುತ್ತದೆ. ಅವು ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತವೆ. ಆ ಕಿಣ್ವ ಜೀವಕೋಶದೊಳಗಿನ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುವನ್ನು ಕತ್ತರಿಸಿ ಹಾಕುತ್ತದೆ. ಕತ್ತಲೆ ಇರುವಷ್ಟು ಹೊತ್ತೂ ಈ ಸೈಕ್ಲಿಕ್ ಜಿಎಂಪಿ ಕೋಶದ ಪೊರೆಯಲ್ಲಿರುವ ದಾರಿಗಳನ್ನು ತೆರೆದಿಟ್ಟಿರುತ್ತದೆ, ಸೋಡಿಯಂ ಕ್ಯಾಲ್ಸಿಯಂ ಅಯಾನುಗಳು ಗದ್ದೆಗೆ ತೂಬಿನ ನೀರು ಬಿಟ್ಟ ಹಾಗೆ ಒಳಗೆ ಹರಿಯುತ್ತಿರುತ್ತವೆ. ಬೆಳಕು ಬಂದು ಮಾಡುವುದು ಆ ತೂಬು ಮುಚ್ಚುವ ಕೆಲಸ. ಅಂದರೆ ನಮ್ಮ ದೃಷ್ಟಿಕೋಶಗಳು ಕತ್ತಲಲ್ಲಿ ಮಿದುಳಿನ ದಿಕ್ಕಿಗೆ ಬಿಡದೆ ಗ್ಲುಟಮೇಟ್ ಎಂಬ ಸಂದೇಶದ ರಾಸಾಯನಿಕ ಸುರಿಸುತ್ತಿರುತ್ತವೆ, ಬೆಳಕು ಬಿದ್ದಾಗ ಸುಮ್ಮನಾಗುತ್ತವೆ. ಆ ಸುಮ್ಮನಾಗುವಿಕೆಯನ್ನೇ ಮುಂದಿನ ನರಕೋಶಗಳು 'ಬೆಳಕು ಬಂತು' ಎಂದು ಓದುತ್ತವೆ. ಮಕ್ಕಳಿಗೆ ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಯಾರಾದರೊಬ್ಬರು ಕೈ ಎತ್ತಿ "ಮೇಡಂ, ಉಲ್ಟಾ ಹೇಳಿದ್ರಿ" ಅಂದೇ ಅನ್ನುತ್ತಾರೆ. ಉಲ್ಟಾ ಅಲ್ಲ, ಹಾಗೇ ಇದೆ.

ಕಣದ ರಾತ್ರಿ

ಕಾಫಿ ಒಣಗುವ ದಿನಗಳಲ್ಲಿ ರಾತ್ರಿ ಕಣ ಕಾಯಲು ಯಾರಾದರೂ ಮಲಗಬೇಕು. ಹೆಚ್ಚಾಗಿ ಚಿಕ್ಕಪ್ಪನೇ. ರಜೆಯಲ್ಲಿ ಅವರಿಗೆ ಊಟ ತೆಗೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಊಟ ಆದ ಮೇಲೆ ನನ್ನನ್ನು ಮನೆಗೆ ಬಿಡಲು ಅವರೇ ಬರುತ್ತಿದ್ದರು. ಕಣ ದಾಟಿ ತೋಟದ ದಾರಿಗೆ ಬಿದ್ದ ಕೂಡಲೇ "ಟಾರ್ಚ್ ಆರಿಸು" ಅನ್ನುತ್ತಿದ್ದರು. ಆರಿಸಿದ ಕ್ಷಣ ಏನೇನೂ ಕಾಣದೆ ಎದೆ ಹೊಡೆದುಕೊಳ್ಳುತ್ತಿತ್ತು. "ನಿಂತ್ಕೋ. ಕಣ್ಣಿಗೆ ಸ್ವಲ್ಪ ಹೊತ್ತು ಕೊಡು" ಅನ್ನುತ್ತಾ ಭುಜದ ಮೇಲೆ ಕೈ ಇಡುತ್ತಿದ್ದರು. ಮೊದಲು ದಾರಿಯ ಬಿಳಿ ಮಣ್ಣು ಕಾಣುತ್ತಿತ್ತು, ಆಮೇಲೆ ಸಿಲ್ವರ್ ಮರದ ಬೊಡ್ಡೆಗಳು. "ಅಗೋ ಆ ಬಂಡೆ ಕಾಣ್ತದಾ? ಅದನ್ನೇ ದಿಟ್ಟಿಸಬೇಡ, ಸ್ವಲ್ಪ ಪಕ್ಕಕ್ಕೆ ನೋಡು, ಕಾಣ್ತದೆ." ನಿಜ, ಪಕ್ಕಕ್ಕೆ ನೋಡಿದರೆ ಬಂಡೆ ಕಾಣುತ್ತಿತ್ತು, ನೇರ ನೋಡಿದರೆ ಕರಗಿಹೋಗುತ್ತಿತ್ತು.

ಕಣ್ಣಿನಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿನ ಬಣ್ಣಕ್ಕೆ ಶಂಕುಗಳು, ಸುಮಾರು 60 ಲಕ್ಷ. ಮಬ್ಬು ಬೆಳಕಿಗೆ ಸರಳುಗಳು, ಸುಮಾರು 12 ಕೋಟಿ. ನಾವು ದಿಟ್ಟಿಸಿ ನೋಡುವಾಗ ಬಿಂಬ ಬೀಳುವ ಅಕ್ಷಿಪಟಲದ ನಟ್ಟನಡುವಿನ ಜಾಗದಲ್ಲಿ ಸರಳುಗಳೇ ಇಲ್ಲ, ಅದಕ್ಕೇ ಬಂಡೆ ಕರಗುತ್ತಿದ್ದದ್ದು. ಒಂದೊಂದು ಸರಳಿನಲ್ಲೂ ಸುಮಾರು ಹತ್ತು ಕೋಟಿ ರೊಡಾಪ್ಸಿನ್ ಅಣುಗಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು 1942ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ ಮನುಷ್ಯನಿಗೆ 'ಬೆಳಕು ಕಂಡಿತು' ಅನ್ನಿಸಲು ಐದರಿಂದ ಹದಿನಾಲ್ಕು ಫೋಟಾನುಗಳು ಸರಳುಗಳಲ್ಲಿ ಹೀರಲ್ಪಟ್ಟರೆ ಸಾಕು. ಅಂದರೆ ಒಂದು ಸರಳು ಒಂದೇ ಫೋಟಾನಿಗೂ ಓಗೊಡುತ್ತದೆ. ಟಾರ್ಚಿನ ಬೆಳಕು ಬಿದ್ದರೆ ಈ ರೊಡಾಪ್ಸಿನ್ ಎಷ್ಟೋ ಪಾಲು ಬಿಳಚಿಹೋಗುತ್ತದೆ. ನೆಟ್ಟಗಾದ ರೆಟಿನಲ್ ತಾನಾಗಿ ಮತ್ತೆ ಬಾಗುವುದಿಲ್ಲ. ಅದು ಪ್ರೊಟೀನು ಬಿಟ್ಟು ಹೊರಬಂದು, ವಿಟಮಿನ್ ಎ ಆಗಿ, ಹಿಂದಿನ ಪದರದ ಕೋಶಗಳಿಗೆ ಹೋಗಿ, ಅಲ್ಲಿ ಕಿಣ್ವಗಳಿಂದ ಮತ್ತೆ ಮಡಚಿಸಿಕೊಂಡು ವಾಪಸು ಬರಬೇಕು. ಪೂರ್ತಿ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಬೇಕಾಗುವುದು ಈ ಓಡಾಟಕ್ಕೆ. ದೇಹದಲ್ಲಿ ವಿಟಮಿನ್ ಎ ಕಡಿಮೆಯಾದವರಿಗೆ ಇರುಳುಗುರುಡು ಬರುವುದೂ ಇಲ್ಲೇ. ಅಂಗನವಾಡಿಯಲ್ಲಿ ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೆ ಮಕ್ಕಳ ಬಾಯಿಗೆ ಬಿಡುವ ಆ ಎಣ್ಣೆಯಂಥ ಔಷಧಿ ವಿಟಮಿನ್ ಎ. 1970ರಿಂದ ನಮ್ಮ ದೇಶದಲ್ಲಿ ನಡೆದುಬಂದಿರುವ ಕೆಲಸ ಅದು. ಮಗು ಅತ್ತಿತು ಅಂತ ತಪ್ಪಿಸುವ ತಾಯಂದಿರನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ರಾತ್ರಿ ದಾರಿಯ ಬಗ್ಗೆ ಇಷ್ಟು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಸರಳುಗಳಲ್ಲಿರುವುದು ಒಂದೇ ಬಗೆಯ ವರ್ಣಕ (ಬೆಳಕು ಹೀರುವ ಬಣ್ಣದ ವಸ್ತು), ಅದು ಹೆಚ್ಚು ಹೀರುವುದು 500 ನ್ಯಾನೊಮೀಟರ್ ಸುತ್ತಿನ ಬೆಳಕನ್ನು. ವರ್ಣಕ ಒಂದೇ ಇದ್ದರೆ ಬಣ್ಣ ತಿಳಿಯುವ ದಾರಿಯೇ ಇಲ್ಲ. ಯಾಕೆಂದರೆ ಫೋಟಾನನ್ನು ಹೀರಿದ ಮೇಲೆ ಅದು ಯಾವ ಬಣ್ಣದ್ದಾಗಿತ್ತು ಎಂಬ ಗುರುತು ಅಣುವಿನಲ್ಲಿ ಉಳಿಯುವುದಿಲ್ಲ. ಹಸಿರಾಗಲಿ ನೀಲಿಯಾಗಲಿ, ತಿರುವು ಅದೇ ತಿರುವು. ಹಾಗಾಗಿ ಆ ಕತ್ತಲ ದಾರಿಯಲ್ಲಿ ಚಿಕ್ಕಪ್ಪನ ಕಣ್ಣಿಗೂ ನನ್ನ ಕಣ್ಣಿಗೂ ಏನೂ ವ್ಯತ್ಯಾಸವಿರಲಿಲ್ಲ. ಕೆಂಪು ಬೆಳಕಿಗಂತೂ ಸರಳುಗಳು ಹೆಚ್ಚುಕಡಿಮೆ ಕಿವುಡು. ಹೊತ್ತು ಮುಳುಗುವಾಗ ನೆರಳಿನ ತೋಟದಲ್ಲಿ ನಿಂತವರು ಇದನ್ನು ನೋಡಿರುತ್ತಾರೆ. ಎಲೆಯ ಹಸಿರು ಬೂದಿಯಾಗಿ ಇನ್ನೂ ಕಾಣುತ್ತಿರುವಾಗಲೇ ಹಣ್ಣು ಕಪ್ಪಾಗಿಬಿಡುತ್ತದೆ. ಆ ಹೊತ್ತಿನ ನಂತರ ಕುಯ್ದ ಚೀಲದಲ್ಲಿ ಹಸಿಕಾಯಿ ಎಲ್ಲರದ್ದರಲ್ಲೂ ಇರುತ್ತದೆ.

ಮೂರು ಜಾಗದ ವ್ಯತ್ಯಾಸ

ಹಗಲಿನ ಕಣ್ಣಿಗೆ ಬರೋಣ. ಶಂಕುಗಳಲ್ಲಿ ಮೂರು ಬಗೆ. ಒಂದು 420 ನ್ಯಾನೊಮೀಟರ್ ಸುತ್ತಿನ ಬೆಳಕನ್ನು ಹೆಚ್ಚು ಹೀರುತ್ತದೆ, ಒಂದು 530, ಇನ್ನೊಂದು 560. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣ, ಮನುಷ್ಯನ ದೃಷ್ಟಿ ಇವುಗಳನ್ನೇ ಹಿಡಿದು ಕೂತಿದ್ದರು. ಮೂರು ವರ್ಣಕಗಳ ಸಿದ್ಧಾಂತ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಆದರೆ 1964ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಒಂದೊಂದೇ ಶಂಕುವಿನ ಮೂಲಕ ಬೆಳಕು ಹಾಯಿಸಿ ಅಳೆದು, ಮೂರು ಬಗೆ ಇರುವುದನ್ನು ನೇರವಾಗಿಯೇ ತೋರಿಸಿದವು. ಆ ಅಳತೆ ಮಾಡಿದವರಲ್ಲಿ ವಾಲ್ಡ್ ಕೂಡ ಒಬ್ಬರು.

ಮೂರರಲ್ಲೂ ಬೆಳಕು ಹೀರುವ ಅಣು ಒಂದೇ, ಅದೇ ರೆಟಿನಲ್. ಸುತ್ತಲಿನ ಪ್ರೊಟೀನು ಮಾತ್ರ ಬೇರೆ. 530ರ ಆಪ್ಸಿನ್ ಮತ್ತು 560ರ ಆಪ್ಸಿನ್ ಎರಡರಲ್ಲೂ ಸರದ ಮಣಿಗಳ ಹಾಗೆ ಪೋಣಿಸಿದ 364 ಅಮೈನೊ ಆಮ್ಲಗಳಿವೆ, ನೂರಕ್ಕೆ 96 ಪಾಲು ಒಂದೇ. ವ್ಯತ್ಯಾಸವಿರುವ ಸುಮಾರು ಹದಿನೈದು ಜಾಗಗಳಲ್ಲಿ ಮೂರೇ ಜಾಗಗಳು, 180, 277 ಮತ್ತು 285ನೆಯವು, ಆ 30 ನ್ಯಾನೊಮೀಟರ್ ಅಂತರದ ಬಹುಪಾಲಿಗೆ ಕಾರಣ. 560ರದ್ದರಲ್ಲಿ ಆ ಮೂರೂ ಕಡೆ ಹೈಡ್ರಾಕ್ಸಿಲ್ ಗುಂಪು ಇರುವ ಅಮೈನೊ ಆಮ್ಲಗಳಿವೆ: ಸೆರಿನ್, ಟೈರೊಸಿನ್, ಥ್ರಿಯೊನಿನ್. 530ರದ್ದರಲ್ಲಿ ಅಲ್ಲೆಲ್ಲ ಅದಿಲ್ಲ. ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಆ ಗುಂಪು ರೆಟಿನಲ್ ಪಕ್ಕದಲ್ಲಿ ಕೂತು ಅದರ ಎಲೆಕ್ಟ್ರಾನುಗಳ ಮಟ್ಟವನ್ನು ಕೊಂಚ ಜರುಗಿಸುತ್ತದೆ. ಹಣ್ಣು ಕೆಂಪು, ಎಲೆ ಹಸಿರು ಎಂದು ನಾವು ಇಷ್ಟು ಖಚಿತವಾಗಿ ಹೇಳುವುದರ ಹಿಂದೆ ಇರುವುದು ಇಷ್ಟೇ. 560ರ ಶಂಕು ಎಷ್ಟು ಹೀರಿತು, 530ರ ಶಂಕು ಎಷ್ಟು ಹೀರಿತು, ಎರಡರ ನಡುವಿನ ಹೋಲಿಕೆ. ಎರಡರಲ್ಲಿ ಒಂದು ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಎಲೆಯೂ ಹಣ್ಣೂ ಒಂದೇ ಕಂದಿನ ಎರಡು ಛಾಯೆ ಆಗಿಬಿಡುತ್ತವೆ. ಅದನ್ನೇ ಆ ಮೂರನೇ ಕ್ಲಾಸಿನ ಹುಡುಗ ಬರೆದದ್ದು. ಅವನು ತನಗೆ ಕಂಡದ್ದನ್ನು ಗಮನವಿಟ್ಟೇ ಬರೆದಿದ್ದ.

ಈ ಎರಡು ಆಪ್ಸಿನ್‌ಗಳ ಜೀನುಗಳು ಎಕ್ಸ್ ಕ್ರೋಮೊಸೋಮಿನ ತುದಿಯಲ್ಲಿ ಒಂದರ ಪಕ್ಕ ಒಂದು ಕೂತಿವೆ. ಮೂರು ನಾಲ್ಕು ಕೋಟಿ ವರ್ಷಗಳ ಹಿಂದೆ ನಮ್ಮ ಮತ್ತು ಮಂಗಗಳ ಪೂರ್ವಜರಲ್ಲಿ ಒಂದು ಜೀನು ಎರಡಾಗಿ, ನಿಧಾನಕ್ಕೆ ಬೇರೆಯಾದದ್ದು ಇದು. ಹಸಿರೆಲೆಯ ನಡುವೆ ಹಣ್ಣನ್ನೋ ಕೆಂಪು ಚಿಗುರನ್ನೋ ಗುರುತಿಸಲು ಅನುಕೂಲವಾದ್ದರಿಂದ ಉಳಿದುಕೊಂಡಿತು ಎನ್ನುತ್ತಾರೆ. ಹಣ್ಣೋ ಚಿಗುರೋ ಎಂಬ ವಾದ ಇನ್ನೂ ಇದೆ. ನಮ್ಮ ತೋಟಕ್ಕೆ ನುಗ್ಗುವ ಮಂಗ, ಮುಸಿಯ ಎರಡಕ್ಕೂ ಮೂರು ಬಗೆಯ ಶಂಕುಗಳಿವೆ. ಕೊಟ್ಟಿಗೆಯ ಹಸುವಿಗೆ, ನಾಯಿಗೆ ಎರಡೇ. ಜೀನುಗಳು ಅಷ್ಟು ಹೋಲುವುದರಿಂದ, ಅಷ್ಟು ಹತ್ತಿರ ಇರುವುದರಿಂದ, ತಾಯಿಯಲ್ಲಿ ಅಂಡಾಣು ತಯಾರಾಗುವಾಗ ಎರಡು ಎಕ್ಸ್‌ಗಳು ಕೊಡುಕೊಳ್ಳುವ ಹೊತ್ತಿಗೆ ಜೋಡಣೆ ತಪ್ಪುವುದು ಸುಲಭ. ಒಂದರಲ್ಲಿ ಜೀನು ಹೆಚ್ಚಾಗುತ್ತದೆ, ಇನ್ನೊಂದರಲ್ಲಿ ಕಾಣೆಯಾಗುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರಿನ ಈ ತೊಡಕು ಇದೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯದು. ಹೆಂಗಸಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ಹಾಗೆ ನೋಡಿದರೆ ಕಣದಲ್ಲಿ ಅಷ್ಟು ಬೈದ ಅಜ್ಜನಿಂದ ಚಿಕ್ಕಪ್ಪನಿಗೆ ಇದು ಬರಲು ಸಾಧ್ಯವೇ ಇಲ್ಲ. ಬಂದದ್ದು ಅಜ್ಜಿಯಿಂದ. ಅಜ್ಜಿಯ ಅಣ್ಣ ಸಂತೆಯಲ್ಲಿ ಟೊಮ್ಯಾಟೊ ಆರಿಸಲು ಯಾವಾಗಲೂ ಹೆಂಡತಿಯನ್ನೇ ಮುಂದೆ ಬಿಡುತ್ತಿದ್ದರಂತೆ. ಅಪ್ಪನಿಗೆ ಅಜ್ಜಿಯ ಇನ್ನೊಂದು ಎಕ್ಸ್ ಸಿಕ್ಕಿದ್ದರಿಂದ ನಮ್ಮ ಕವಲಿಗೆ ಇದು ಇಳಿಯಲಿಲ್ಲ. ಅತ್ತೆ ಅದನ್ನು ತನಗೆ ಗೊತ್ತಿಲ್ಲದೆ ಹೊತ್ತರು, ಅವರ ಮಗಳು ಹೊತ್ತಳು, ಅವಳ ಮಗನಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ವಂಶಾವಳಿ ಕಾಗದದ ಮೇಲೆ ಬರೆದು ಅತ್ತೆಗೆ ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಅಮ್ಮ ಬದುಕಿದ್ದಿದ್ರೆ ಇದನ್ನ ತೋರಿಸಬೇಕಿತ್ತು ಕಣೇ. ಅವನನ್ನ ಬೈಯುವಾಗೆಲ್ಲ ಒಳಗೆ ಹೋಗಿ ಅಳ್ತಿತ್ತು" ಅಂದರು.

ಎಂಟರ ಜಾಗದಲ್ಲಿ ಮೂರು

ಚಿಕ್ಕಪ್ಪನಿಗೆ ತನ್ನ ಕಣ್ಣಿನ ವಿಷಯ ತಿಳಿದದ್ದು ಡ್ರೈವರ್ ಹುದ್ದೆಯ ಮೆಡಿಕಲ್‌ನಲ್ಲಿ. ಘಾಟಿ ರಸ್ತೆಯಲ್ಲಿ ಲೋಡು ಜೀಪು ಅವರಷ್ಟು ಹದವಾಗಿ ಓಡಿಸುವವರು ನಮ್ಮ ಕಡೆ ಕಡಿಮೆ. ಡಾಕ್ಟರು ಬಣ್ಣಬಣ್ಣದ ಚುಕ್ಕಿಗಳೊಳಗೆ ಅಂಕಿ ಅಡಗಿಸಿಟ್ಟ ಪುಸ್ತಕ ತೆರೆದರಂತೆ. ಮೊದಲ ಹಾಳೆಯಲ್ಲಿ 12. ಅದು ಎಲ್ಲರಿಗೂ ಕಾಣುತ್ತದೆ, ಕಾಣಲಿ ಎಂದೇ ಮಾಡಿದ್ದು. ಮುಂದಿನ ಹಾಳೆಯಲ್ಲಿ ಉಳಿದವರಿಗೆ 8 ಕಾಣುವ ಕಡೆ ಚಿಕ್ಕಪ್ಪನಿಗೆ 3 ಕಂಡಿತ್ತು. ಜಪಾನಿನ ಶಿನೋಬು ಇಶಿಹಾರಾ 1917ರಲ್ಲಿ ಹೊರತಂದ ಹಾಳೆಗಳು ಇವು. ಅಲ್ಲಿ ಯಾರೂ ಏನೂ ವಿವರಿಸಲಿಲ್ಲ. 'ಅನ್‌ಫಿಟ್' ಎಂದು ಬರೆದು ಕಳಿಸಿದರು. ಮನೆಗೆ ಬಂದ ಚಿಕ್ಕಪ್ಪ ಅಜ್ಜನ ಮುಂದೆ ಹೇಳಿದ್ದು ಒಂದೇ ಮಾತು, "ನನಗೆ ಬಣ್ಣ ಕಾಣಲ್ಲವಂತೆ." ಅದಾದ ಮೇಲೆ ಕಣದಲ್ಲಿ ಅಜ್ಜ ಅವರ ರಾಶಿಯ ಮುಂದೆ ಕೂರುವುದನ್ನು ಬಿಟ್ಟರು.

ಚಿಕ್ಕಪ್ಪ ಕುಯ್ಯುವುದನ್ನು ಬಿಡಲಿಲ್ಲ. ಅವರು ಕುಯ್ಯುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕಣ್ಣು ಗೊಂಚಲಿನ ಮೇಲೆ ಇರುವುದೇ ಇಲ್ಲ. ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಹಣ್ಣನ್ನು ಹಿಡಿದು ಕೊಂಚ ಒತ್ತುತ್ತಾರೆ. ಹಣ್ಣಾಗಿದ್ದರೆ ಸಿಪ್ಪೆಯ ಒಳಗೆ ಲೋಳೆ ಇರುವುದರಿಂದ ಬೀಜ ಜಾರಿದ್ದು ಬೆರಳಿಗೆ ತಿಳಿಯುತ್ತದೆ. ಒಂದು ಸಣ್ಣ ತಿರುವು, ತೊಟ್ಟು ಕೊಂಬೆಯಲ್ಲೇ ಉಳಿದು ಹಣ್ಣು ಅಂಗೈಗೆ ಬರುತ್ತದೆ. ಹಸಿಕಾಯಿಯಾದರೆ ಬೆರಳು ಒತ್ತಿದಲ್ಲೇ ನಿಲ್ಲುತ್ತದೆ, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಒಂದು ಗೆಣ್ಣು ಮುಗಿಸುವ ಹೊತ್ತಿಗೆ ಉಳಿದವರು ಎರಡು ಗೆಣ್ಣು ಮುಗಿಸಿರುತ್ತಾರೆ. ಆದರೆ ಅವರ ಚೀಲದಲ್ಲಿ ಹಸಿಕಾಯಿ ಸಿಗುವುದಿಲ್ಲ. ಒಣಗಿದ ತರಗಿನ ಮೇಲೆ ಸುರುಳಿ ಸುತ್ತಿಕೊಂಡ ಹಾವನ್ನು ತೋಟದಲ್ಲಿ ಮೊದಲು ಕಾಣುವವರೂ ಅವರೇ. ಬಣ್ಣದ ಗೊಂದಲದಲ್ಲಿ ಅಡಗಿಸಿಟ್ಟ ಆಕಾರಗಳನ್ನು ಮೂರು ವರ್ಣಕದವರಿಗಿಂತ ಎರಡು ವರ್ಣಕದವರು ಚೆನ್ನಾಗಿ ಗುರುತಿಸಿದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಗಿದೆ. ಅದನ್ನು ಓದಿದ ದಿನ ನಾನು ಮೊದಲು ಫೋನು ಮಾಡಿದ್ದು ಅವರಿಗೇ.

ಇಂಗ್ಲೆಂಡಿನ ಜಾನ್ ಡಾಲ್ಟನ್, ನಮ್ಮ ಪರಮಾಣು ಪಾಠದ ಡಾಲ್ಟನ್ನೇ, ತನಗೆ ಬಣ್ಣ ಬೇರೆಯಾಗಿ ಕಾಣುತ್ತದೆ ಎಂದು 1794ರಲ್ಲಿ ಪ್ರಬಂಧ ಓದಿದ್ದ. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಎಂದು ಅವನ ಊಹೆ, ಸತ್ತ ಮೇಲೆ ನೋಡಿ ಎಂದು ಹೇಳಿಹೋದ. 1844ರಲ್ಲಿ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್‌ಎಯನ್ನು 1995ರಲ್ಲಿ ಪರೀಕ್ಷಿಸಿದಾಗ 530ರ ಆಪ್ಸಿನ್ ಜೀನು ಇಲ್ಲದಿರುವುದು ತಿಳಿಯಿತು. 2009ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ನೈಟ್ಸ್ ದಂಪತಿ ಮತ್ತು ಸಂಗಡಿಗರು ಹುಟ್ಟಿನಿಂದ ಎರಡೇ ವರ್ಣಕವಿದ್ದ ಬೆಳೆದ ಅಳಿಲುಮಂಗಗಳ ಕಣ್ಣಿಗೆ, ನಿರುಪದ್ರವಿ ವೈರಸ್ಸಿನ ಮೂಲಕ, ಮನುಷ್ಯರ 560ರ ಆಪ್ಸಿನ್ ಜೀನು ಸೇರಿಸಿದರು. ಕೆಲವು ತಿಂಗಳ ನಂತರ ಆ ಮಂಗಗಳು ಬೂದು ಚುಕ್ಕಿಗಳ ನಡುವಿನ ಕೆಂಪು, ಹಸಿರು ಚುಕ್ಕಿಗಳನ್ನು ಮುಟ್ಟಿ ತೋರಿಸಿ ದ್ರಾಕ್ಷಿ ರಸ ಗಿಟ್ಟಿಸಿದವು. ಅವುಗಳಲ್ಲಿ ಒಂದರ ಹೆಸರು ಡಾಲ್ಟನ್. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ಪಾಪ, ಅದಕ್ಕೆ ಎಷ್ಟು ಗಾಬರಿ ಆಯ್ತೋ ಏನೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹುಡುಗನಿಗೆ ಬೇಕಾದ್ರೆ ಆಗ್ಲಿ. ನಂಗೆ ಬೆರಳು ಸಾಕು" ಅಂದರು. ಮನುಷ್ಯರ ಬಣ್ಣಗುರುಡಿಗೆ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿ ಅದು ಬಂದಿಲ್ಲ. ಬಂದಿರುವುದು ನಿಯಮದ ಬದಲಾವಣೆ. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಕೊಡಬಹುದು ಎಂದು ಕೇಂದ್ರ ಸಾರಿಗೆ ಸಚಿವಾಲಯ 2020ರ ಜೂನ್‌ನಲ್ಲಿ ನಿಯಮ ತಿದ್ದಿತು.

ಪ್ರಾಕ್ಟಿಕಲ್ ಕ್ಲಾಸು

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಅಂದರೆ ಬಣ್ಣವೇ ಬಣ್ಣ. ಪರ್ಮಾಂಗನೇಟ್ ಟೈಟ್ರೇಶನ್‌ನಲ್ಲಿ ಬಣ್ಣವಿಲ್ಲದ ದ್ರಾವಣ ಒಂದು ಹನಿಗೆ ತೆಳು ಗುಲಾಬಿಯಾಗುವ ಕ್ಷಣ ಹಿಡಿಯಬೇಕು. ಲವಣ ವಿಶ್ಲೇಷಣೆಯಲ್ಲಿ ಜ್ವಾಲೆ ಇಟ್ಟಿಗೆಗೆಂಪೋ ಕಡುಗೆಂಪೋ ಸೇಬುಹಸಿರೋ ಎಂದು ನೋಡಿ ಕ್ಯಾಲ್ಸಿಯಂ, ಸ್ಟ್ರಾನ್ಶಿಯಂ, ಬೇರಿಯಂ ಬೇರ್ಪಡಿಸಬೇಕು. ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಹುಡುಗರು ಸಿಗುತ್ತಾರೆ. ಲೆಕ್ಕವೆಲ್ಲ ಸರಿ, ಕೈಯೂ ಚುರುಕು, ಬ್ಯುರೆಟ್ ಮಾತ್ರ ಗಡಿ ದಾಟಿ ಹೋಗುತ್ತದೆ, ಫ್ಲಾಸ್ಕು ಗಾಢ ಗುಲಾಬಿಯಾದರೂ ಹನಿ ಬಿಡುತ್ತಲೇ ಇರುತ್ತಾರೆ. ಪಕ್ಕದವನ ರೀಡಿಂಗ್ ಕದ್ದು ಬರೆಯುವುದನ್ನು ಅವರು ಬಹಳ ಬೇಗ ಕಲಿತಿರುತ್ತಾರೆ. ಪ್ರೈಮರಿಯಿಂದಲೂ ಕಲಿಯುತ್ತಾ ಬಂದಿರುತ್ತಾರೆ.

ಈಗ ನಾನು ವರ್ಷದ ಮೊದಲ ಪ್ರಾಕ್ಟಿಕಲ್‌ಗೆ ಮುಂಚೆಯೇ ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು, ಕಿಟಕಿಯ ಬೆಳಕಿನಲ್ಲಿ ಚುಕ್ಕಿಗಳ ಹಾಳೆ ತೋರಿಸುತ್ತೇನೆ. ತಪ್ಪು ಓದಿದವರಿಗೆ ಅವತ್ತೇ ಕೂರಿಸಿಕೊಂಡು ರೆಟಿನಲ್ ಕಥೆ, ಅವರ ತಾಯಿಯ ಎಕ್ಸ್ ಕಥೆ ಹೇಳಿ, ಕಣ್ಣಿನ ಡಾಕ್ಟರ ಹತ್ತಿರ ಸರಿಯಾಗಿ ಪರೀಕ್ಷೆ ಮಾಡಿಸಲು ಕಳಿಸುತ್ತೇನೆ. ಪೈಲಟ್ಟೋ ರೈಲು ಚಾಲಕನೋ ಆಗುವ ಕನಸಿದ್ದರೆ ಅದು ಹದಿನಾರರಲ್ಲೇ ತಿಳಿಯಬೇಕು, ಮೆಡಿಕಲ್ ದಿನ ಅಲ್ಲ. ಟೈಟ್ರೇಶನ್‌ಗೆ ಫ್ಲಾಸ್ಕಿನ ಕೆಳಗೆ ಬಿಳಿ ಟೈಲು, ಪಕ್ಕದಲ್ಲಿ ಹೋಲಿಸಲು ಒಂದು ಹನಿಯನ್ನೂ ಬಿಡದ ಇನ್ನೊಂದು ಫ್ಲಾಸ್ಕು. ಬಣ್ಣ ತಿಳಿಯದಿದ್ದರೂ ಎರಡರಲ್ಲಿ ಯಾವುದು ಕೊಂಚ ಕಪ್ಪಿಟ್ಟಿತು ಅನ್ನುವುದು ಅವರಿಗೆ ಚೆನ್ನಾಗಿ ತಿಳಿಯುತ್ತದೆ. ಅಭ್ಯಾಸದ ಮೇಲೆ ಅರ್ಧ ಎಂಎಲ್‌ನ ಒಳಗೆ ಬರುತ್ತಾರೆ. ಮೂರನೇ ಕ್ಲಾಸಿನ ಟೀಚರಿಗೆ ಅತ್ತೆಯ ಮಗಳು ಹೋಗಿ ವಿಷಯ ಹೇಳಿದಳು. ಅವರು ಬಣ್ಣದ ಪೆನ್ಸಿಲುಗಳ ಮೇಲೆಲ್ಲ ಆಯಾ ಬಣ್ಣದ ಹೆಸರು ಬರೆದ ಚೀಟಿ ಅಂಟಿಸಿ, ಅವನ ಡಬ್ಬಿಗಷ್ಟೇ ಅಲ್ಲ, ಇಡೀ ಕ್ಲಾಸಿನ ಡಬ್ಬಿಗಳಿಗೂ ಅಂಟಿಸಿದರಂತೆ.